ಡೆಲ್ಫ್ಟಿನಲ್ಲಿ ವರ್ಮೀರ್: ಚಿತ್ರಗಳಿಲ್ಲದ ಚಿತ್ರಕಾರನ ಊರು

ನೆದರ್ಲೆಂಡ್ಸಿನ ಡೆಲ್ಫ್ಟ್ ಕಾಲುವೆಗಳ ಪುಟ್ಟ ನಗರ. ಯೊಹಾನೆಸ್ ವರ್ಮೀರ್ 1632ರಲ್ಲಿ ಜ್ಞಾನಸ್ನಾನ ಪಡೆದ ಹೊಸ ಇಗರ್ಜಿಯೂ 1675ರಲ್ಲಿ ಮಣ್ಣುಗೂಡಿದ ಹಳೆಯ ಇಗರ್ಜಿಯೂ ಇಲ್ಲಿ ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿವೆ. ಆತನ ಕೃತಿಗಳೆಂದು ಒಪ್ಪಿತವಾದ ಮೂವತ್ತೇಳರಷ್ಟು ಚಿತ್ರಗಳಲ್ಲಿ ಒಂದೂ ಈ ಊರಿನಲ್ಲಿಲ್ಲ.

2023ರ ಫೆಬ್ರವರಿಯಿಂದ ಜೂನ್ ತನಕ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ ಆತನ 28 ಚಿತ್ರಗಳನ್ನು ಒಂದೆಡೆ ತಂದಿತ್ತು. ಅದೇ ದಿನಗಳಲ್ಲಿ ಡೆಲ್ಫ್ಟಿನ ಪ್ರಿನ್ಸೆನ್‌ಹೋಫ್ ವಸ್ತುಸಂಗ್ರಹಾಲಯ 'ವರ್ಮೀರನ ಡೆಲ್ಫ್ಟ್' ಎಂಬ ಪ್ರದರ್ಶನವನ್ನು ಏರ್ಪಡಿಸಿತು. ಸಮಕಾಲೀನರ ಚಿತ್ರಗಳು, ಚೀನೀ ಪಿಂಗಾಣಿಯನ್ನು ಅನುಕರಿಸಿದ ನೀಲಿ ಪಾತ್ರೆಗಳು, ಪತ್ರಾಗಾರದ ಕಾಗದಗಳು ಅಲ್ಲಿದ್ದವು. ಕೃತಿಗಳಿಲ್ಲದೆಯೂ ಕಲಾವಿದನನ್ನು ಅವನ ಊರೇ ಪರಿಚಯಿಸಬಲ್ಲದೆಂಬುದು ಅದರ ನಿಲುವು.

ನ್ಯಾಯವಾದಿಯಾದ ನನ್ನನ್ನು ಹಿಡಿದು ನಿಲ್ಲಿಸಿದವು ಆ ಕಾಗದಗಳು ಹೇಳುವ ಕಥೆಗಳು. 1672ರ ಫ್ರೆಂಚ್ ಯುದ್ಧದಿಂದ ಚಿತ್ರವ್ಯಾಪಾರ ಕುಸಿಯಿತು. ಮೂರು ವರ್ಷಗಳಲ್ಲಿ ವರ್ಮೀರ್ ತೀರಿಕೊಂಡಾಗ ಪತ್ನಿ ಕತರಿನಾಳ ಪಾಲಿಗೆ ಉಳಿದದ್ದು ಹನ್ನೊಂದು ಮಕ್ಕಳು ಮತ್ತು ಸಾಲ. ರೊಟ್ಟಿಯಂಗಡಿಯವನಿಗೆ ಸಲ್ಲಬೇಕಾದ 617 ಗಿಲ್ಡರುಗಳಿಗಾಗಿ ಎರಡು ಚಿತ್ರಗಳು ಅವನ ಕೈಸೇರಿದವು. ವರ್ಷಕ್ಕೆ 50 ಗಿಲ್ಡರಿನಂತೆ ಸಾಲ ತೀರಿಸಿದರೆ ಅವನ್ನು ಬಿಡಿಸಿಕೊಳ್ಳಬಹುದೆಂಬ ಷರತ್ತು ಬೇರೆ. ನಮ್ಮ ಅಡವುಪತ್ರದ ನೆನಪು ತರುವಂಥದು. 1676ರ ಫೆಬ್ರವರಿ 29ರ ಸೊತ್ತುಪಟ್ಟಿಯಲ್ಲಿ ಮಹಡಿಯ ಕೋಣೆಯ ಎರಡು ಚಿತ್ರಪೀಠಗಳೂ ಮೂರು ಬಣ್ಣದ ಹಲಗೆಗಳೂ ದಾಖಲಾಗಿವೆ. ಅದಕ್ಕೆ ಐದು ದಿನ ಮೊದಲಷ್ಟೇ ಕತರಿನಾ 'ಚಿತ್ರಕಲೆ' ಎಂಬ ದೊಡ್ಡ ಚಿತ್ರವನ್ನು ತಾಯಿಗೆ ವರ್ಗಾಯಿಸಿದ್ದಳು. ಸಾಲ ಕೊಟ್ಟವರಿಂದ ಅದನ್ನು ಉಳಿಸುವ ಯತ್ನವದು ಎಂದು ಊಹಿಸಲು ಕಾನೂನು ಪದವಿ ಬೇಕಿಲ್ಲ. ಬಳಿಕ ನಗರವು ಆ ಸೊತ್ತಿಗೆ ನೇಮಿಸಿದ ಮೇಲ್ವಿಚಾರಕನಾದರೂ ಯಾರು? ಸೂಕ್ಷ್ಮದರ್ಶಕದಿಂದ ಲೋಕಖ್ಯಾತನಾದ ಲೇವನ್‌ಹುಕ್. ಅವನೂ ಅದೇ ಊರಿನವನು, ಅದೇ ವರ್ಷ ಹುಟ್ಟಿದವನು.

ಈ ನಗರ ನಮಗೆ ತೀರ ಅಪರಿಚಿತವೇನಲ್ಲ. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಆರು ಶಾಖೆಗಳಲ್ಲಿ ಡೆಲ್ಫ್ಟಿನದೂ ಒಂದು. ಆ ಕಂಪೆನಿ 1663ರಲ್ಲಿ ಕೊಚ್ಚಿಯನ್ನೂ ನಮ್ಮ ನೆರೆಯ ಕಣ್ಣೂರು ಕೋಟೆಯನ್ನೂ ಪೋರ್ಚುಗೀಸರಿಂದ ಕಸಿದುಕೊಂಡಾಗ ವರ್ಮೀರ್ ತನ್ನೂರಿನ ಚಿತ್ರಕಾರರ ಸಂಘದ ಮುಖಂಡರಲ್ಲೊಬ್ಬನಾಗಿದ್ದ.

ಚಿತ್ರಗಳು ಹರಾಜಾಗಿ ದೇಶಾಂತರ ಹೋದರೂ ಡೆಲ್ಫ್ಟ್ ತನ್ನ ಮಗನನ್ನು ಕಳೆದುಕೊಳ್ಳಲಿಲ್ಲ. ಕಡತಗಳನ್ನು ಕಾಯ್ದುಕೊಂಡದ್ದರಿಂದ ಅವನನ್ನು ಉಳಿಸಿಕೊಂಡಿತು. 1956ರ ತನಕ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಕನ್ನಡದ ಮೂಲಗೇಣಿ ಚೀಟುಗಳು, ಪಾಲುಪಟ್ಟಿಗಳು ಇನ್ನೂ ಇವೆ. ಗೆದ್ದಲಿಗೆ ಬಿಟ್ಟರೆ ಅವು ಬರಿಯ ಕಾಗದ. ಜೋಪಾನ ಮಾಡಿ ಓದಲು ಬಲ್ಲವರನ್ನು ಬೆಳೆಸಿದರೆ, ಈ ನೆಲದಲ್ಲಿ ನಾವು ಬಾಳಿದ್ದಕ್ಕೆ ಅವೇ ಸಾಕ್ಷಿ.