ಯಾರ್ಲಾ ತೋಡಿದ್ದು?

ಪನಾಮಾ ಕಾಲುವೆ ನೋಡಲು ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಕಂಪನಿ ಕೆಲಸದ ಮೇಲೆ ಹತ್ತು ದಿನ ಆ ದೇಶದಲ್ಲಿದ್ದೆ. ನಮ್ಮ ಮನೇಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು, ವಿಮಾನ ಹತ್ತಿದ ಮೊದಲನೆಯವನೂ ನಾನೇ. ಮಿರಾಫ್ಲೋರೆಸ್ ಅನ್ನುವ ಕಡೆ ಟಿಕೆಟ್ ತಗೊಂಡು ಮಹಡಿ ಮೇಲೆ ನಿಂತು ಎಲ್ಲರಂತೆ ಬಾಯಿ ಬಿಟ್ಟುಕೊಂಡು ನೋಡಿದೆ.

ನೋಡುವಂಥದ್ದೇ, ಸುಳ್ಳು ಹೇಳಬಾರದು. ನಮ್ಮ ಕೇರಿಗಿಂತ ಉದ್ದದ ಹಡಗು ಬಂದು ಕಾಂಕ್ರೀಟ್ ತೊಟ್ಟಿಯೊಳಗೆ ನಿಲ್ಲುತ್ತದೆ. ಹಿಂದೆ ಗೇಟು ಮುಚ್ಚುತ್ತದೆ. ಮೇಲಿನ ನೀರು ಒಳಕ್ಕೆ ನುಗ್ಗುತ್ತದೆ. ಪಂಪಿಲ್ಲ, ಗಿಂಪಿಲ್ಲ; ನೀರು ತನ್ನ ಭಾರಕ್ಕೆ ತಾನೇ ಇಳಿದು ಹಡಗನ್ನು ಎತ್ತುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ 26 ಮೀಟರ್ ಏರಿ, ಚಾಗ್ರೆಸ್ ನದಿಗೆ ಕಟ್ಟೆ ಹಾಕಿ ಮಾಡಿದ ಗಾಟುನ್ ಕೆರೆ ದಾಟಿ, ಆ ಕಡೆ ಸಮುದ್ರಕ್ಕೆ ಇಳಿಯುತ್ತದೆ. ಒಟ್ಟು 80 ಕಿಲೋಮೀಟರ್. ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. 2023ರಲ್ಲಿ ಮಳೆ ಕೈಕೊಟ್ಟಾಗ ಹಡಗುಗಳು ಸಾಲುಗಟ್ಟಿ ಕಾದವಂತೆ.

ಅಲ್ಲಿಂದಲೇ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಊರಲ್ಲಿ ಆಗ ರಾತ್ರಿ. ನಮ್ಮ ಕಡೆ ನಾಲೆ ತೋಡುವಾಗ ಮಂಕರಿಯಲ್ಲಿ ಮಣ್ಣು ಹೊತ್ತವಳು ಅವಳು. ಗುತ್ತಿಗೆದಾರ ನುಂಗಿದ ಹನ್ನೊಂದು ದಿನದ ಕೂಲಿಯನ್ನು ಇನ್ನೂ ಬೆರಳು ಮಡಿಚಿ ಎಣಿಸುತ್ತಾಳೆ. ಹಡಗಿನ ಕಡೆ ಅವಳ ಕಣ್ಣೇ ಹೋಗಲಿಲ್ಲ.

"ಅಯ್ಯೋ, ಇಷ್ಟು ಆಳ ಯಾರ್ಲಾ ಮಗ ತೋಡಿದ್ದು?"

"ಅಮೆರಿಕದೋರು ಕಣಜ್ಜಿ."

"ಅವ್ರೇ ಮಣ್ ಹೊತ್ರಾ?"

ಬಾಯಿ ಕಟ್ಟಿತು. ಅವತ್ತು ರಾತ್ರಿ ನಿದ್ದೆಗೆಟ್ಟು ಓದಿದೆ.

ಮಣ್ಣು ಹೊತ್ತವರು ಬಾರ್ಬಡೋಸ್, ಜಮೈಕಾ ಮುಂತಾದ ದ್ವೀಪಗಳ ಕರಿಯರು, ಗುಲಾಮರ ಮಕ್ಕಳು ಮೊಮ್ಮಕ್ಕಳು. ಬಾರ್ಬಡೋಸ್ ಒಂದರಿಂದಲೇ ಸುಮಾರು 20,000 ಜನ. 1904ರಿಂದ ತೋಡಿದರು; 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ಸಂಬಳದ ಪಟ್ಟಿ ಮಾತ್ರ ಎರಡು. ಅಮೆರಿಕದ ಬಿಳಿಯರದು ಚಿನ್ನದ ಪಟ್ಟಿ, ಕರಿಯರದು ಬೆಳ್ಳಿ ಪಟ್ಟಿ. ಮೊದಲು ಅದು ಕೊಡುವ ನಾಣ್ಯದ ಹೆಸರು, ಆಮೇಲೆ ಮನುಷ್ಯರದೇ ಹೆಸರಾಯಿತು. ಅಂಚೆ ಕಚೇರಿಯ ಕಿಟಕಿ ಬೇರೆ, ಅಂಗಡಿ ಬೇರೆ, ಸ್ಕೂಲು ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಎರಡು ಸಮುದ್ರ ಕೂಡಿಸಿದವರಿಗೆ ಎರಡು ನಲ್ಲಿ ಕೂಡಿಸಲು ಆಗಲಿಲ್ಲ!

ಈ ಲೆಕ್ಕ ನಮಗೇನು ಹೊಸದೇ, ಗೆಳೆಯರೇ? ಹೋಟೆಲಿನ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟದಲ್ಲಿ ಟೀ ಕುಡಿದು, ತೊಳೆದಿಟ್ಟು ಬರುತ್ತಿದ್ದವನು ನಮ್ಮಪ್ಪ. ಜಾತಿ ಬೇರೆ, ಬಣ್ಣ ಬೇರೆ ಅಂತ ಪಂಡಿತರು ವಾದ ಮಾಡಲಿ. ನೀರಿನ ಹತ್ತಿರ ಬಂದಾಗ ಎರಡಕ್ಕೂ ಒಂದೇ ಬುದ್ಧಿ.

ಆ ಹತ್ತು ವರ್ಷದಲ್ಲಿ ಸತ್ತವರು ಸರ್ಕಾರಿ ಲೆಕ್ಕದಲ್ಲಿ 5,609. ಮುಕ್ಕಾಲು ಪಾಲಿಗೂ ಹೆಚ್ಚು ಕರಿಯರು. ಜ್ವರ, ಡೈನಮೈಟು, ಕುಲೆಬ್ರಾ ಗುಡ್ಡದ ಕುಸಿತ. ಬದುಕಿ ಉಳಿದ ಮುದುಕರನ್ನು 1963ರಲ್ಲಿ ಒಂದು ಸ್ಪರ್ಧೆ ಇಟ್ಟು ನಿಮ್ಮ ಕಥೆ ಬರೆಯಿರಿ ಅಂದರು. ನೂರಕ್ಕೂ ಹೆಚ್ಚು ಜನ ಬರೆದರು. ಮಳೆಯಲ್ಲಿ ನೆಂದ ಬಟ್ಟೆ ಒಣಗದೆ, ಬೆಳಿಗ್ಗೆ ಅದನ್ನೇ ಹಸಿಯಾಗಿ ಹಾಕಿಕೊಂಡು ಕೆಲಸಕ್ಕೆ ಹೋದದ್ದು ಆ ಕಾಗದಗಳಲ್ಲಿದೆ. ಕವಿ ಅನ್ನಿಸಿಕೊಂಡ ನಾನು ಇಲ್ಲೀತನಕ ಅಜ್ಜಿಯ ಒಂದು ಸಾಲನ್ನೂ ಬರೆದುಕೊಂಡಿಲ್ಲ.

ಮಾರನೇ ದಿನ ಮತ್ತೆ ಫೋನ್ ಮಾಡಿದೆ.

"ನಮ್ಮಂಥೋರೇ ತೋಡಿದ್ದು ಕಣಜ್ಜಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕೂಲಿ ಪೂರಾ ಕೊಟ್ರಂತಾ?"