ಮೂರೂ ನಾಲ್ಕೂ ಐದು

ಶ್ರೀಮಠದ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ಸೇವೆ ಸಲ್ಲಿಸುತ್ತಿರುವ ನನಗೂ ಗಣಿತಕ್ಕೂ ಅಷ್ಟಕ್ಕಷ್ಟೆ. ಒಮ್ಮೆ ವಿಜ್ಞಾನದ ಉಪಾಧ್ಯಾಯರು ರಜೆಯ ಮೇಲಿದ್ದಾಗ ಅವರ ತರಗತಿಯಲ್ಲಿ ಕುಳಿತಿದ್ದೆನು. ಬಾಲಕನೊಬ್ಬನು ಮೂರು, ನಾಲ್ಕು ಕೂಡಿ ಐದೆಂದು ಬರೆದಿದ್ದನು. “ನಿಮ್ಮಪ್ಪನ ಅಂಗಡಿಯ ಲೆಕ್ಕವೂ ಹೀಗೆಯೋ?” ಎಂದೆನು. ತರಗತಿಯೆಲ್ಲ ನಕ್ಕಿತು.

ಅವನು ತಲೆತಗ್ಗಿಸಿ, “ಇವು ಸದಿಶಗಳು, ಗುರುಗಳೇ, ದಿಕ್ಕೂ ಉಂಟು. ಅಳೆದು ನೋಡಬೇಕು” ಎಂದು ಅಳತೆಪಟ್ಟಿಯನ್ನು ನನ್ನ ಮುಂದಿಟ್ಟನು. ಪೂರ್ವಕ್ಕೆ 3 ಸೆಂಟಿಮೀಟರಿನ ಬಾಣ. ಅದರ ತುದಿಯಿಂದ ಉತ್ತರಕ್ಕೆ 4 ಸೆಂಟಿಮೀಟರಿನ ಇನ್ನೊಂದು. ಮೊದಲನೆಯದರ ಬುಡದಿಂದ ಎರಡನೆಯದರ ತುದಿಗೆ ಎಳೆದ ಗೆರೆಯೇ ಫಲಿತ. ಅಳೆದೆನು, ಸರಿಯಾಗಿ 5. ಎರಡೂ ಒಂದೇ ದಿಕ್ಕಿಗಿದ್ದರೆ 7, ಎದುರುಬದುರಾದರೆ 1 ಎಂದೂ ಅವನೇ ತಿಳಿಸಿದನು.

ಆ ರಾತ್ರಿ ನಿದ್ರೆ ಬರಲಿಲ್ಲ. ಅಕಾರಕ್ಕೆ ಇಕಾರ ಪರವಾದರೆ ಏಕಾರವಾಗುವುದೆಂದೂ, ಸುರ, ಇಂದ್ರ ಸೇರಿ ಸುರೇಂದ್ರನೆಂದೂ ಮೂವತ್ತು ವರ್ಷ ಗುಣಸಂಧಿಯನ್ನು ಬೋಧಿಸಿದವನು ನಾನು. ಎರಡು ಸೇರಿ ಎರಡೂ ಅಲ್ಲದ ಮೂರನೆಯದಾಗುವುದು ನನಗೇ ಹೊಳೆಯದೆ ಹೋಯಿತೆ! (ಆದರೂ ಸಂಧಿಯಲ್ಲಿ ಪೂರ್ವೋತ್ತರ ಪದಗಳನ್ನು ಪಲ್ಲಟಗೊಳಿಸಲಾಗದು. ಬಾಣಗಳಲ್ಲಿ ಯಾವುದು ಮೊದಲಾದರೂ ಫಲಿತವೊಂದೇ. ಎರಡು ಬಗೆಯಾಗಿಯೂ ಎಳೆದರೆ ಇಲ್ಲಿ ಆಯತವಾಗುತ್ತದೆ, ಕೋನವು ಲಂಬವಲ್ಲದಿದ್ದರೆ ಸಮಾಂತರ ಚತುರ್ಭುಜ. ಫಲಿತವು ಅದರ ಕರ್ಣ.)

ಮರುದಿನ ಸಂಧಿಪಾಠಕ್ಕೆ ಮುನ್ನ ಆ ಬಾಲಕನನ್ನು ಕರಿಹಲಗೆಯ ಬಳಿಗೆ ಕರೆದು, ತಪ್ಪು ನನ್ನದೆಂದು ಎಲ್ಲರೆದುರಿಗೆ ಹೇಳಿ, ಸೀಮೆಸುಣ್ಣವನ್ನು ಅವನ ಕೈಗಿತ್ತೆನು. ಅವನು ಈ ಸಲ ಉತ್ತರದ ಬಾಣವನ್ನೇ ಮೊದಲು ಎಳೆದನು.