ಹನ್ನೆರಡರ ಬದಲು ಆರು

ಆಷಾಢದ ಜಡಿಮಳೆಯಲ್ಲಿ ಊರಿಗೆ ಹೋಗಿದ್ದೆ. ಹಳೆಯ ಕೊಟ್ಟಿಗೆಯನ್ನು ಬೇಸಿಗೆಯಲ್ಲೇ ಇಳಿಸಿದ್ದರು. ಅದರ ತೊಲೆ, ಪಕಾಸಿಗಳನ್ನೆಲ್ಲ ಅಣ್ಣ ಸೀಳಿ ಬಚ್ಚಲಮನೆಯ ಗೋಡೆಗೆ ಒಟ್ಟಿದ್ದ. ಸಂಜೆ ಹಂಡೆಯೊಲೆಗೆ ಒಂದು ತುಂಡು ತಳ್ಳಿದೆ. ಅಜ್ಜನ ಕಾಲದ ಮರ. ಹೊಗೆಯಿಲ್ಲ, ಚಟಪಟ ಇಲ್ಲ, ಸುಮ್ಮನೆ ಉರಿಯಿತು. "ಮನೆಗೆ ಹಾಕಿದ್ದ ಮರ ಒಲೆಗೆ ಬಹಳ ಒಳ್ಳೆಯದು, ಮಗನೇ" ಎಂಬ ದನಿಯೊಂದು ನೆನಪಾಗಿ ಕೈ ಅಲ್ಲೇ ನಿಂತಿತು. ಆ ಮಾತು ನಮ್ಮ ಊರಿನವರದಲ್ಲ. ನೇಪಾಳದ ಬಾರಾಬಿಸೆ ಎಂಬ ಪೇಟೆಯ ಅಂಗಡಿಕಾರರೊಬ್ಬರದು. ಅವರ ಮುಖ ನಾನು ನೋಡಿಲ್ಲ, ಫೋನಿನಲ್ಲಿ ದನಿ ಕೇಳಿದ್ದೇನೆ ಅಷ್ಟೆ.

ಅಣ್ಣನ ಮಗಳು ಪಕ್ಕದಲ್ಲೇ ಮಣೆ ಹಾಕಿಕೊಂಡು ಬೆಂಕಿ ಕಾಯಿಸುತ್ತಿದ್ದಳು. ಈ ವರ್ಷ ಅಮೆರಿಕಕ್ಕೆ ಓದಲು ಹೊರಟವಳು, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಎಂಬ ಕಾಗದ ಬಂದಾಗಿನಿಂದ ಅದನ್ನೇ ಓದುತ್ತಾಳೆ. "ಚಿಕ್ಕಪ್ಪ, ಪ್ರತಿ ಸೆಮಿಸ್ಟರೂ ಪೂರ್ತಿ ಕೋರ್ಸ್ ತಗೊಳ್ಳಲೇಬೇಕಂತೆ. ಒಂದು ವಿಷಯ ಬಿಟ್ಟರೆ ಏನಾಗುತ್ತೆ?" ಎಂದಳು. ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2015ರಲ್ಲಿ ನಾನು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವಿನ ಒಂದು ಊರಿನಲ್ಲಿ ಎಂ.ಎಸ್. ಓದುತ್ತಿದ್ದೆ. ಆ ಕಡೆ ನೇಪಾಳಿಗರು ಬಹಳ. ಅಂಗಡಿಗಳಲ್ಲಿ ಗುಂದ್ರುಕ್ ಸಿಗುತ್ತದೆ, ಮೋಮೋ ಸಿಗುತ್ತದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದವನೂ ನೇಪಾಳದ ಹುಡುಗ. ಪದವಿಯ ಎರಡನೇ ವರ್ಷ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ನನ್ನನ್ನು ದಾಯಿ ಎನ್ನುತ್ತಿದ್ದ. ಅವರಲ್ಲಿ ಅಣ್ಣನಿಗೆ ಹಾಗನ್ನುತ್ತಾರೆ. ಮಾತು ಹಿಂದಿಯಲ್ಲಿ, ಅಡುಗೆ ಸರದಿಯ ಮೇಲೆ. ನನ್ನ ಸಾರಿಗೆ ಅವನು ಟಿಮ್ಮುರ್ ಪುಡಿ ಉದುರಿಸುತ್ತಿದ್ದ.

ಅವನ ಅಪ್ಪನ ವ್ಯಾಪಾರದ ಬಗ್ಗೆ ಸ್ವಲ್ಪ ಹೇಳಬೇಕು. ಕಠ್ಮಂಡುವಿನಿಂದ ಟಿಬೆಟ್ ಗಡಿಗೆ ಅರನಿಕೋ ಹೆದ್ದಾರಿ ಹೋಗುತ್ತದೆ. ಆ ದಾರಿಯಲ್ಲಿ, ಭೋಟೆಕೋಶಿ ನದಿಯ ದಡದಲ್ಲಿ, ಸಿಂಧುಪಾಲ್ಚೋಕ್ ಜಿಲ್ಲೆಯ ಪೇಟೆ ಬಾರಾಬಿಸೆ. ಅಲ್ಲಿಂದ ಮೇಲೆ ಹೋದರೆ ತಾತೋಪಾನಿ, ಸೇತುವೆ ದಾಟಿದರೆ ಆಚೆ ಖಾಸಾ. ಖಾಸಾದಿಂದ ಚೀನಾದ ಕಂಬಳಿ, ಥರ್ಮಾಸ್, ಬೂಟುಗಳು ಲಾರಿಯಲ್ಲಿ ಇಳಿದು ಬರುತ್ತಿದ್ದವು. ಅದನ್ನು ಮಾರುವ ಅಂಗಡಿ ಕೆಳಗೆ, ಮನೆ ಮೇಲೆ. ಮಗನ ಅಮೆರಿಕದ ಓದು ಆ ಥರ್ಮಾಸ್‌ಗಳ ಲಾಭದಲ್ಲಿ ನಡೆಯುತ್ತಿತ್ತು.

ಅಂದು ಶುಕ್ರವಾರದ ರಾತ್ರಿ. ನಡುರಾತ್ರಿ ದಾಟಿ ಒಂದು ಗಂಟೆ ಆಗಿತ್ತು, ನಾವಿಬ್ಬರೂ ಎದ್ದೇ ಇದ್ದೆವು. ನೇಪಾಳದಲ್ಲಿ ಆಗ ಏಪ್ರಿಲ್ 25, ಶನಿವಾರ, ಬೆಳಗಿನ 11 ಗಂಟೆ 56 ನಿಮಿಷ. ಮೊದಲು ಅವನ ಫೋನು ಒಂದು ಸಲ ಮಿಣುಕಿತು. ಐದು ನಿಮಿಷದಲ್ಲಿ ಅದು ನಿಲ್ಲದೆ ಮಿಣುಕತೊಡಗಿತು. ಗೋರ್ಖಾ ಜಿಲ್ಲೆಯಲ್ಲಿ 7.8ರ ಭೂಕಂಪ, ಧರಹರಾ ಗೋಪುರ ಬಿತ್ತು ಎಂದು ಯಾರೋ ಚಿತ್ರ ಕಳಿಸಿದರು. ಅವನು ಮನೆಗೆ ಕರೆ ಮಾಡಿದ. ಹೋಗಲಿಲ್ಲ. ಮತ್ತೆ ಮಾಡಿದ. ಬೆಳಗಾಗುವವರೆಗೆ ಮಾಡುತ್ತಲೇ ಇದ್ದ. ಫೇಸ್‌ಬುಕ್‌ನಲ್ಲಿ ಯಾರು ಯಾರು ಸುರಕ್ಷಿತ ಎಂದು ಗುರುತು ಹಾಕುವ ವ್ಯವಸ್ಥೆ ಬಂತು. ಶಾಲೆಯ ಗೆಳೆಯರ ಹೆಸರುಗಳು ಒಂದೊಂದೇ ಮೂಡುತ್ತಿದ್ದವು, ಅವನು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದ. ಅಪ್ಪ ಅಮ್ಮ ಫೇಸ್‌ಬುಕ್‌ನಲ್ಲಿ ಇಲ್ಲವಲ್ಲ, ಅವರ ಹೆಸರು ಬರುವುದಾದರೂ ಹೇಗೆ?

ಸೋಮವಾರ ಅಪ್ಪನ ಕರೆ ಬಂತು. ಅಂಗಡಿ ಬಿದ್ದಿದೆ, ಮನೆ ಬಿದ್ದಿದೆ, ನಾವೆಲ್ಲ ಕ್ಷೇಮ, ನೀನು ಪರೀಕ್ಷೆ ಬರೆ. ಇಷ್ಟೇ. ಅವನು ಬರೆದ. ಮೇ ತಿಂಗಳ ಎರಡನೇ ವಾರ ಕೊನೆಯ ಪರೀಕ್ಷೆ ಮುಗಿದ ದಿನ ಅಪ್ಪ ಮತ್ತೆ ಫೋನ್ ಮಾಡಿ, ಅಜ್ಜಿ ಮೊದಲ ದಿನವೇ ತೀರಿಕೊಂಡಿದ್ದರು, ಹದಿಮೂರು ದಿನದ ಕ್ರಿಯೆ ಮುಗಿಯಿತು ಎಂದರು. ಆ ಹುಡುಗ ಅಳಲಿಲ್ಲ. ಸೂತಕದ ಹದಿಮೂರು ದಿನವೂ ಉಪ್ಪು ತಿಂದೆನಲ್ಲ ದಾಯಿ ಎಂದ. ಅದಾಗಿ ಕೆಲವೇ ದಿನಕ್ಕೆ, ಮೇ 12ರಂದು, ಅವನ ಜಿಲ್ಲೆಯ ಹತ್ತಿರವೇ 7.3ರ ಇನ್ನೊಂದು ಕಂಪನವಾಗಿ, ನಿಂತಿದ್ದ ಗೋಡೆಗಳೂ ಹೋದವು. ಒಟ್ಟು ಸತ್ತವರು ಸುಮಾರು 9,000. ಸಿಂಧುಪಾಲ್ಚೋಕ್ ಒಂದರಲ್ಲೇ 3,500ಕ್ಕೂ ಹೆಚ್ಚು. ಖಾಸಾ ಪೇಟೆಯನ್ನು ಚೀನಾ ಖಾಲಿ ಮಾಡಿಸಿತು. ತಾತೋಪಾನಿ ಗಡಿ ಮುಚ್ಚಿತು. ಅದು ಮತ್ತೆ ತೆರೆದದ್ದು 2019ರಲ್ಲಿ. ಮನೆಯನ್ನು ಸಾಲ ಮಾಡಿಯಾದರೂ ಕಟ್ಟಬಹುದಿತ್ತು. ಮಾಲು ಬರುವ ದಾರಿಯೇ ಇಲ್ಲವಾದರೆ ಅಂಗಡಿ ಎಲ್ಲಿಂದ ಎದ್ದೀತು?

ಇಲ್ಲಿಂದ ಮುಂದಿನದು ಗಂಟೆಗಳ, ಕ್ರೆಡಿಟ್‌ಗಳ ಲೆಕ್ಕ. ಬೇಸರವೆನಿಸಿದರೂ ಕೇಳಬೇಕು ಎಂದು ಹುಡುಗಿಗೆ ಹೇಳಿದೆ. ಅವನ ಬದುಕು ಹೋಗಿ ನಿಂತದ್ದು ಆ ಅಂಕಿಗಳ ಮೇಲೇ.

ಎಫ್-1 ವೀಸಾದ ಪದವಿ ವಿದ್ಯಾರ್ಥಿ ಸೆಮಿಸ್ಟರ್‌ಗೆ 12 ಕ್ರೆಡಿಟ್ ಓದಬೇಕು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಅದೂ ಕ್ಯಾಂಪಸ್ ಒಳಗೆ. ಅವನು ಡೈನಿಂಗ್ ಹಾಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ, ಗಂಟೆಗೆ 8 ಡಾಲರ್. ವಾರಕ್ಕೆ 160. ಅದರಲ್ಲಿ ಬಾಡಿಗೆ ಮತ್ತು ಊಟ ಆಗುತ್ತದೆ. ಶುಲ್ಕ ಆಗುವುದಿಲ್ಲ. ಕ್ರೆಡಿಟ್ ಕಡಿಮೆ ಮಾಡಿಕೊಂಡರೆ ಶುಲ್ಕ ಕಡಿಮೆಯಾಗುತ್ತದೆ, ಆದರೆ ಹಾಗೆ ಮಾಡಲು ಕಾನೂನು ಒಪ್ಪುವ ಕಾರಣಗಳು ಬೆರಳೆಣಿಕೆಯವು. ಕಾಯಿಲೆ ಬಿದ್ದರೆ ಆಗಬಹುದು, ಮೊದಮೊದಲು ಪಾಠಕ್ಕೆ ಹೊಂದಿಕೊಳ್ಳಲಾಗದಿದ್ದರೆ ಆಗಬಹುದು, ಕೊನೆಯ ಸೆಮಿಸ್ಟರ್‌ನಲ್ಲಿ ಉಳಿದದ್ದೇ ಅಷ್ಟಿದ್ದರೆ ಆಗಬಹುದು. ಅಪ್ಪನ ಅಂಗಡಿ ಬಿತ್ತು ಎಂಬುದು ಆ ಪಟ್ಟಿಯಲ್ಲಿಲ್ಲ. ಹೇಳದೆ ಕೇಳದೆ ಒಂದು ವಿಷಯ ಬಿಟ್ಟರೆ ವೀಸಾದ ಸ್ಥಿತಿಯೇ ಹೋಗುತ್ತದೆ.

ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ನಾನೂ ಜೊತೆಗೆ ಹೋಗಿದ್ದೆ. ಪೂರ್ತಿ ಕೇಳಿಸಿಕೊಂಡರು. ಒಂದು ವರ್ಷ ಓದಿದವರಿಗೆ ಕಷ್ಟದ ಕಾರಣಕ್ಕೆ ಹೊರಗೆ ದುಡಿಯಲು ಪರವಾನಗಿ ಕೇಳುವ ದಾರಿ ಮೊದಲಿನಿಂದಲೂ ಇದೆ, ಅರ್ಜಿಗೆ 380 ಡಾಲರ್, ತಿಂಗಳುಗಟ್ಟಲೆ ಕಾಯಬೇಕು, ಅದರಲ್ಲೂ 20 ಗಂಟೆಯ ಮಿತಿ ಹೋಗುವುದಿಲ್ಲ, 12 ಕ್ರೆಡಿಟ್ ಬಿಡುವಂತಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು, 1998ರ ಮಾತು ಹೇಳಿದರು. ಏಷ್ಯಾದ ಹಣಕಾಸು ಕುಸಿದು ರುಪಿಯಾ, ಬಾತ್, ವಾನ್‌ಗಳ ಬೆಲೆ ಬಿದ್ದಾಗ ಇಂಡೋನೇಷ್ಯಾ, ಥಾಯ್ಲೆಂಡ್, ದಕ್ಷಿಣ ಕೊರಿಯಾ, ಮಲೇಷ್ಯಾ, ಫಿಲಿಪ್ಪೀನ್ಸ್ ಮಕ್ಕಳಿಗೆ ಈ ನಿಯಮಗಳನ್ನು ಸರ್ಕಾರ ಕೆಲವು ಕಾಲ ಸಡಿಲ ಮಾಡಿತ್ತು. 2010ರಲ್ಲಿ ಹೈಟಿ ನಡುಗಿದಾಗಲೂ ಮಾಡಿತ್ತು. "ನಿನ್ನ ದೇಶಕ್ಕೂ ಮಾಡಬಹುದು. ಪ್ರಕಟವಾಗುವವರೆಗೆ ನನ್ನ ಕೈ ಕಟ್ಟಿದೆ" ಎಂದರು. ಒಳ್ಳೆಯ ಜನ. ಅವರ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಕಾಯುವುದು ಶುರುವಾಯಿತು. ರಜೆಯಲ್ಲಿ ಕ್ಯಾಂಪಸ್ ಒಳಗೆ ಪೂರ್ಣಾವಧಿ ದುಡಿಯಬಹುದಾದ್ದರಿಂದ ಬೇಸಿಗೆಯಿಡೀ ಹಾಸ್ಟೆಲ್ ಕೋಣೆ ತೊಳೆದ. ಜೂನ್ 24ರಂದು, ಅಮೆರಿಕದಲ್ಲಿದ್ದ ನೇಪಾಳದವರು ಅಲ್ಲೇ ಇದ್ದು ದುಡಿಯಬಹುದೆಂಬ ಹದಿನೆಂಟು ತಿಂಗಳ ತಾತ್ಕಾಲಿಕ ರಕ್ಷಣೆ ಘೋಷಣೆಯಾಯಿತು. ಅದಕ್ಕೆ ಅರ್ಜಿ ಹಾಕಿದರೆ ವಿದ್ಯಾರ್ಥಿ ವೀಸಾಕ್ಕೆ ತೊಂದರೆ ಎಂದು ಒಬ್ಬರು, ಏನೂ ಆಗದು ಎಂದು ಇನ್ನೊಬ್ಬರು. ಅವನು ಹೆದರಿ ಹಾಕಲಿಲ್ಲ. ಆಗಸ್ಟ್‌ನ ಶುಲ್ಕಕ್ಕೆ ಅವರಿವರಿಂದ ಸಾಲ ಮಾಡಿದ, ನನ್ನಿಂದಲೂ.

ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ಬಂಕಿನವನೊಬ್ಬ ರಾತ್ರಿ ಪಾಳಿಗೆ ಕರೆದ. ಕೈಗೆ ನಗದು, ಕಾಗದವಿಲ್ಲ. ಹೋಗು, ಎರಡು ತಿಂಗಳು, ಯಾರು ನೋಡುತ್ತಾರೆ ಎಂದು ನಾನೇ ಹೇಳಿದೆ. ಈಗ ನೆನೆದರೆ ಸಂಕಟವಾಗುತ್ತದೆ, ಯಾಕೆಂದರೆ ಸಿಕ್ಕಿಬಿದ್ದರೆ ಕಳೆದುಕೊಳ್ಳುವವನು ಅವನು, ನಾನಲ್ಲ. ಅವನು ಅನ್ನ ಕಲಸುತ್ತಾ, "ಮನೆ ಹೋಯಿತು, ಅಂಗಡಿ ಹೋಯಿತು. ಇನ್ನು ಮಗನೂ ವಾಪಸ್ ಬಂದ ಅಂತ ಅಪ್ಪನಿಗೆ ಹೇಳಲಾ ದಾಯಿ?" ಎಂದ. ಹೋಗಲಿಲ್ಲ.

ಅದೇ ತಿಂಗಳು 20ರಂದು ನೇಪಾಳಕ್ಕೆ ಹೊಸ ಸಂವಿಧಾನ ಬಂತು. ಅದರ ಬೆನ್ನಿಗೇ ಭಾರತದ ಗಡಿಯಲ್ಲಿ ಲಾರಿಗಳು ನಿಂತವು. ಸಂವಿಧಾನವನ್ನು ಒಪ್ಪದ ದಕ್ಷಿಣ ಬಯಲಿನ ಮಧೇಸಿಗಳ ಪ್ರತಿಭಟನೆಯಿಂದ ನಿಂತಿವೆ ಎಂದು ಭಾರತ ಹೇಳಿತು, ಭಾರತವೇ ನಿಲ್ಲಿಸಿದೆ ಎಂದು ನೇಪಾಳ ಹೇಳಿತು. ಮರುವರ್ಷ ಫೆಬ್ರವರಿಯವರೆಗೂ ಎಣ್ಣೆಯಿಲ್ಲ, ಅಡುಗೆ ಗ್ಯಾಸಿಲ್ಲ, ಔಷಧಕ್ಕೂ ತತ್ವಾರ. ಒಂದು ಕಡೆ ಚೀನಾದ ಬಾಗಿಲು ಬಂಡೆ ಉರುಳಿ ಮುಚ್ಚಿದೆ, ಇನ್ನೊಂದು ಕಡೆ ನಮ್ಮದು. ಅವನ ಅಪ್ಪ ತಗಡಿನ ಚಪ್ಪರದಲ್ಲಿ ಕೂತು ಬಿದ್ದ ಮನೆಯ ತೊಲೆಗಳನ್ನು ಒಡೆದು ಒಲೆಗೆ ಹಾಕುತ್ತಿದ್ದರು. ಒಂದು ದಿನ ಅವನು ಫೋನನ್ನು ನನ್ನ ಕೈಗೆ ಕೊಟ್ಟ. ನನಗೆ ಮಾತು ಹೊರಡಲಿಲ್ಲ, ಅಡುಗೆಗೆ ಏನು ಮಾಡುತ್ತೀರಿ ಎಂದು ಮಾತ್ರ ಕೇಳಿದೆ. ಆಗ ಅವರು ಹಿಂದಿಯಲ್ಲಿ ಹೇಳಿದ್ದು ಆ ಮಾತು. ಮನೆಗೆ ಹಾಕಿದ್ದ ಮರ ಒಲೆಗೆ ಬಹಳ ಒಳ್ಳೆಯದು, ಮಗನೇ. ಊಟ ಆಯಿತಾ ನಿಮ್ಮದು?

ನವೆಂಬರ್ 9, ಸೋಮವಾರ. ಫೆಡರಲ್ ರಿಜಿಸ್ಟರ್ ಎಂಬ ಅವರ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಣೆ ಬಂತು. ಕಚೇರಿಯ ಆ ಹೆಂಗಸೇ ಫೋನ್ ಮಾಡಿ ತಿಳಿಸಿದರು. ಭೂಕಂಪದಿಂದ ನೇರವಾಗಿ ಕಷ್ಟಕ್ಕೆ ಬಿದ್ದ ನೇಪಾಳಿ ವಿದ್ಯಾರ್ಥಿ ಕ್ಯಾಂಪಸ್‌ನಲ್ಲಿ 20 ಗಂಟೆಗಿಂತ ಹೆಚ್ಚು ದುಡಿಯಬಹುದು. ಪರವಾನಗಿ ಪಡೆದು ಹೊರಗೂ ದುಡಿಯಬಹುದು. ಪದವಿಯವರು 12ರ ಬದಲು 6 ಕ್ರೆಡಿಟ್, ಸ್ನಾತಕೋತ್ತರದವರು 3 ಕ್ರೆಡಿಟ್ ಓದಿದರೂ ಪೂರ್ಣಾವಧಿ ವಿದ್ಯಾರ್ಥಿಗಳೇ. 2016ರ ಡಿಸೆಂಬರ್ 24ರವರೆಗೆ ಇದು ನಡೆಯುತ್ತದೆ ಎಂದಿತ್ತು. ಭೂಮಿ ನಡುಗಿ ಅಂದಿಗೆ 198 ದಿನ. ನಾನು ಕ್ಯಾಲೆಂಡರ್ ತಿರುವಿ ಎಣಿಸಿದ್ದೆ. ಆ ವಾರದೊಳಗೆ ಐ-20 ಮೇಲೆ ಷರಾ ಬರೆಸಿಕೊಂಡು ಅವನು ಡೈನಿಂಗ್ ಹಾಲಿನಲ್ಲಿ 32 ಗಂಟೆ ನಿಂತ. ಹೊರಗೆ ದುಡಿಯುವ ಕಾರ್ಡ್ ಫೆಬ್ರವರಿಯಲ್ಲಿ ಬಂತು. ವಸಂತದ ಸೆಮಿಸ್ಟರ್‌ನಲ್ಲಿ ಎರಡೇ ವಿಷಯ, ಅರ್ಧ ಶುಲ್ಕ. ಪದವಿ ಒಂದು ವರ್ಷ ತಡವಾಯಿತು, ಆಯಿತು.

ಆದರೆ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಹುಡುಗಿಯಿದ್ದಳು. ಅದೇ ಜಿಲ್ಲೆಯವಳು, ಅವಳ ಮನೆಯೂ ನೆಲಸಮ. ಅಮೆರಿಕಕ್ಕೆ ಬಂದದ್ದು ಆಗಸ್ಟ್‌ನಲ್ಲಿ. ಅವಳೂ ಪ್ರಕಟಣೆ ಓದಿದಳು. ಏಪ್ರಿಲ್ 25ರಂದು ಎಫ್-1 ಸ್ಥಿತಿಯಲ್ಲಿ ಅಮೆರಿಕದಲ್ಲಿ ಇದ್ದವರಿಗೆ ಮಾತ್ರ ಎಂದಿತ್ತು. ಅಂದು ಅವಳು ಗದ್ದೆಯ ಬದುವಿನ ಮೇಲೆ ನಿಂತು, ಮನೆ ಕುಸಿಯುವುದನ್ನು ಕಣ್ಣಾರೆ ನೋಡಿದವಳು. ಕಂಪನವನ್ನು ಫೋನಿನಲ್ಲಿ ಕಂಡವನಿಗೆ ಪರಿಹಾರ ಸಿಕ್ಕಿತು, ಕಾಲಡಿ ಕಂಡವಳಿಗೆ ಇಲ್ಲ. ವರ್ಷ ತುಂಬದ್ದರಿಂದ ಹೊರಗೆ ದುಡಿಯುವ ಆ ಹಳೆಯ ದಾರಿಯೂ ಅವಳಿಗೆ ಮುಚ್ಚಿತ್ತು. ಹಾನಿ ಆದಮೇಲೆ ಗೊತ್ತಿದ್ದೂ ಬಂದವಳು ಎಂದು ಕಾನೂನಿನ ಲೆಕ್ಕವಿರಬಹುದು. ಆ ಲೆಕ್ಕ ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ. ವೀಸಾ ಕೈಗೆ ಬಂದಾದ ಮೇಲೆ, ಮನೆಯವರು ಉಳಿದದ್ದನ್ನೂ ಮಾರಿ ಹೋಗು ಎಂದಮೇಲೆ, ಆ ವಯಸ್ಸಿನವಳು ಬರದೆ ಇನ್ನೇನು ಮಾಡಬೇಕಿತ್ತು? ಮರುವರ್ಷ ಅವಳು ಶುಲ್ಕ ಕಡಿಮೆಯಿರುವ ಕಮ್ಯುನಿಟಿ ಕಾಲೇಜಿಗೆ ಹೋದಳು. ಅಲ್ಲೂ ಹನ್ನೆರಡೇ ಕ್ರೆಡಿಟ್.

ನನ್ನ ಓದು ನಡೆದದ್ದು ಅಪ್ಪನ ಅಡಿಕೆ ತೋಟದ ಮೇಲಿನ ಸಾಲದಲ್ಲಿ. ಒಂದು ಮಳೆಗಾಲ ಕೊಳೆ ರೋಗ ಬಂದು ಕೊನೆಯೆಲ್ಲ ಉದುರಿದ್ದರೆ ನನ್ನ ಗತಿಯೂ ಅದೇ ಆಗುತ್ತಿತ್ತು. ಅಂಥ ಪ್ರಕಟಣೆ ದೇಶದ ಹೆಸರಿಗೆ ಬರುತ್ತದೆ. ಒಂದು ತೋಟಕ್ಕೆ, ಒಂದು ಹೋಬಳಿಗೆ ಬರುವುದಿಲ್ಲ. ಇದನ್ನು ಹೇಳಿದಾಗ ಅಣ್ಣನ ಮಗಳು ಬೆಂಕಿಯನ್ನೇ ನೋಡುತ್ತಿದ್ದಳು. ಅವಳ ಸಾಲಕ್ಕೂ ಅದೇ ತೋಟ. ಅಲ್ಲಿಗೆ ಹೋದ ತಿಂಗಳೇ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರ ಹೆಸರು, ತುರ್ತು ಸಹಾಯದ ನಿಧಿ ಇದೆಯೋ ಇಲ್ಲವೋ ಎಲ್ಲ ಕೇಳಿ ಬರೆದಿಟ್ಟುಕೋ, ಕಷ್ಟ ಬಂದ ದಿನವೇ ಹೋಗಿ ಹೇಳು, ವಿಷಯ ಬಿಟ್ಟ ಮೇಲೆ ಹೋಗಬೇಡ ಎಂದಿದ್ದೆ. ಮತ್ತೊಮ್ಮೆ ಅದನ್ನೇ ಹೇಳಿದೆ.

"ಆ ಮೇಲಿನ ಮನೆಯ ಅಕ್ಕ ಆಮೇಲೆ ಏನು ಮಾಡಿದರು?" ಎಂದಳು.

ಪ್ರಕಟಣೆ ಬಂದ ನಾಲ್ಕನೇ ದಿನ, ನವೆಂಬರ್ 13, ಅವರ ತಿಹಾರ್ ಹಬ್ಬದ ಭಾಯಿಟೀಕಾ. ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಏಳು ಬಣ್ಣದ ತಿಲಕ ಇಡುವ ದಿನ. ಲಾರಿಗಳು ಇನ್ನೂ ಗಡಿಯಲ್ಲೇ ನಿಂತಿದ್ದವು. ನಾನು ಏನೋ ನೆಪ ಹೇಳಿ ಹೊರಗೆ ಹೋಗಲು ಚಪ್ಪಲಿ ಹಾಕುತ್ತಿದ್ದೆ. ಅವಳು ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದವಳು, ಮೂರು ಚಾಪೆ ಹಾಸಿದ್ದೀನಿ, ದಾಯಿ ಎಲ್ಲಿಗೆ ಹೊರಟಿರಿ ಎಂದಳು. ಅವಳ ಜೊತೆಗೇ ಬಂದಿದ್ದ ಅವಳೂರಿನ ಹುಡುಗ ಒಂದು ಚಾಪೆಗೆ, ನನ್ನ ಗೆಳೆಯ ಇನ್ನೊಂದಕ್ಕೆ, ಮೂರನೆಯದು ನನಗೆ. ನಮ್ಮ ಸುತ್ತ ಎಣ್ಣೆಯ ಗೆರೆ ಎಳೆದು, ಹಣೆಗೆ ಒಂದರ ಕೆಳಗೊಂದು ಏಳು ಬಣ್ಣ ಇಟ್ಟಳು. ಅವಳ ಬೆರಳು ತಣ್ಣಗಿತ್ತು. ಕೊನೆಗೆ ಹೊಸ್ತಿಲ ಮೇಲೆ ಅಕ್ರೋಟ ಇಟ್ಟು ಒಡೆಯಬೇಕು. ಕಲ್ಲು ಇರಲಿಲ್ಲ. ನಮ್ಮ ಮಸಾಲೆ ಕುಟ್ಟುವ ಗುಂಡನ್ನು ತಂದು ಕೊಟ್ಟೆ, ಒಂದೇ ಏಟಿಗೆ ಒಡೆದಳು.